ಬೂದು ಸ್ವೆಟರ್

ಅಮ್ಮ ತೀರಿಕೊಂಡು ತಿಂಗಳಾದ ಮೇಲೆ ಅಕ್ಕನೂ ನಾನೂ ಅವಳ ಬೀರು ಖಾಲಿ ಮಾಡಲು ಕುಳಿತೆವು. ಇಟ್ಟುಕೊಳ್ಳುವ ಬಟ್ಟೆ ಮಂಚದ ಮೇಲೆ, ಕೊಟ್ಟುಬಿಡುವುದು ನೆಲದ ಮೇಲೆ. ಅಕ್ಕನ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಅವಳು ಕುರ್ಚಿಯಿಂದ ಹೇಳುತ್ತಿದ್ದಳು, ನಾನು ತೆಗೆದಿಡುತ್ತಿದ್ದೆ.

ತಳದಲ್ಲಿ ನಾನು ಅಂಚೆಯಲ್ಲಿ ಕಳಿಸಿದ್ದ ಬೂದು ಸ್ವೆಟರ್ ಸಿಕ್ಕಿತು. ಬೆಲೆಚೀಟಿ ಕೂಡ ಕಿತ್ತಿರಲಿಲ್ಲ.

"'ಅವನು ಬರ್ಲಿ, ಅವನೆದುರೇ ಹಾಕ್ಕೋತೀನಿ' ಅಂತಿದ್ಲು," ಅಂದಳು ಅಕ್ಕ. "ಬಂದೆಯಲ್ಲ ಮಹರಾಯ, ಹೆಣ ಎತ್ತೋ ಹೊತ್ತಿಗೆ."

ಸ್ವೆಟರನ್ನು ಮುದ್ದೆ ಮಾಡಿ ಮಂಚದ ಮೇಲೆಸೆದು ಚೀಲ ತರಲು ಹೋದೆ. ಬಂದಾಗ ಅದು ನೆಲದ ಮೇಲೆ, ಕೊಟ್ಟುಬಿಡುವ ಬಟ್ಟೆಗಳ ಜೊತೆಗಿತ್ತು. ಎರಡೂ ತೋಳುಗಳನ್ನು ಒಳಗೆ ಸೇರಿಸಿ ಮಡಚಿತ್ತು. ಹಾಗೆ ಮಡಚುತ್ತಿದ್ದವಳು ಅಮ್ಮ ಒಬ್ಬಳೇ. ಮುಟ್ಟಿದರೆ ಈಗ ತಾನೇ ಮೈಯಿಂದ ಬಿಚ್ಚಿಟ್ಟಷ್ಟು ಬೆಚ್ಚಗಿತ್ತು.

"ನೀನಾ ಮಡಚಿದ್ದು?"

"ಒಂದು ಕೈಯಲ್ಲಿ ಮಡಚೋಕಾಗುತ್ತೇನೋ?" ಕಿಟಕಿಯತ್ತ ಮುಖ ಮಾಡಿ ಕುಳಿತಿದ್ದ ಅಕ್ಕ ತಿರುಗಲೂ ಇಲ್ಲ.

ಮತ್ತೆ ಮಂಚದ ಮೇಲಿಟ್ಟೆ. ನೀರು ಕುಡಿದು ಬರುವಷ್ಟರಲ್ಲಿ ಮತ್ತೆ ನೆಲದ ಮೇಲಿತ್ತು.

ಹಟಕ್ಕೆ ಬಿದ್ದು ಅದನ್ನು ನನ್ನ ಮನೆಗೆ ತಂದು, ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಾಲ್ಕು ತಿಂಗಳಾಯಿತು. ದಿನಾ ಬೆಳಿಗ್ಗೆ ಅದು ಹೊರಬಾಗಿಲ ಮೆಟ್ಟಿಲ ಮೇಲೆ, ತೋಳು ಒಳಗೆ ಮಡಚಿಕೊಂಡು ಕಾದಿರುತ್ತದೆ. ಅಕ್ಕನಿಗೆ ಹೇಳಿಲ್ಲ, 'ಅಮ್ಮನೇ ಬೇಡ ಅಂತಿದಾಳೆ, ಕೊಟ್ಟುಬಿಡು' ಅನ್ನುತ್ತಾಳೆಂದು ಗೊತ್ತು. ದಿನಾ ಎತ್ತಿಕೊಂಡು ಒಳಗೆ ತರುತ್ತೇನೆ. ಬೆಚ್ಚಗಿರುತ್ತದೆ. ಬೀರುವಿನ ಬೀಗ ಹಾಕಿದಂತೆಯೇ ಇರುತ್ತದೆ.