ಯಾರೂ ಕೊಡದ ತೀರ್ಪು

ಸೋಮವಾರ ಬೆಳಿಗ್ಗೆ ಕೌಟುಂಬಿಕ ನ್ಯಾಯಾಲಯದ ಶಿರಸ್ತೇದಾರರು ಠಾಣೆಗೆ ಬಂದು, ತೀರ್ಪೊಂದರ ಪ್ರತಿಯನ್ನು ಇನ್ಸ್‌ಪೆಕ್ಟರ್ ಮುಂದಿಟ್ಟರು. ಮಗು ತಂದೆಯ ಬಳಿ ಇರಬೇಕೋ ತಾಯಿಯ ಬಳಿಯೋ ಎಂಬ ದಾವೆಯಲ್ಲಿ ತಾಯಿಯ ಪರ ವಕೀಲರು ಹಾಜರುಪಡಿಸಿದ್ದ ಪ್ರತಿ ಅದು.

“ಎದುರು ವಕೀಲರು ಎಷ್ಟು ಹುಡುಕಿದ್ರೂ ಇಂಥ ತೀರ್ಪೇ ಇಲ್ಲ ಸಾರ್. ಯಾರೋ ಕೂತು ಬರೆದಿದ್ದಾರೆ. ದೂರು ಕೊಡಿ ಅಂತ ಜಡ್ಜ್ ಆದೇಶ ಮಾಡಿದ್ದಾರೆ.”

ಖೋಟಾ ದಾಖಲೆ ಸೃಷ್ಟಿಯೆಂದು ಎಫ್‌ಐಆರ್ ಆಯಿತು. ಇನ್ಸ್‌ಪೆಕ್ಟರ್ ಹಾಳೆಗಳನ್ನು ಓದಿದರು. ಹೆರಿಗೆಯ ನಂತರ ಮನಸ್ಸು ಕದಡಿ ಆಸ್ಪತ್ರೆ ಸೇರಿದ ತಾಯಿ, ವಾಸಿಯಾದ ಮೇಲೂ ತನ್ನ ಮಗುವಿನ ಬಾಗಿಲಲ್ಲಿ ನೆಂಟಳಂತೆ ನಿಲ್ಲಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ ಎಂದಿತ್ತು ಅಲ್ಲಿ. ಸರ್ವೀಸಿನಲ್ಲಿ ಅವರು ಓದಿದ ಅಸಲಿ ತೀರ್ಪುಗಳು ಆಕಳಿಕೆ ತರಿಸಿದ್ದೇ ಹೆಚ್ಚು. ಈ ನಕಲಿಯನ್ನು ಅವರು ಎರಡು ಸಲ ಓದಿದರು.

ತಾಯಿಯ ಪರ ವಾದಿಸುತ್ತಿದ್ದ ಹಿರಿಯ ವಕೀಲರ ಕಚೇರಿಯಲ್ಲಿ ಗೋಡೆ ತುಂಬ ದಪ್ಪ ಪುಸ್ತಕಗಳು, ಪುಸ್ತಕಗಳ ತುಂಬ ದೂಳು.

“ಪ್ರಿಂಟ್ ಜೂನಿಯರ್ಸ್ ತರ್ತಾರೆ, ವಾದ ನಾನು ಮಾಡ್ತೀನಿ.”

“ತೀರ್ಪು ಹುಡುಕೋಕೆ ಆನ್‌ಲೈನ್ ಚಂದಾ ಇದೆಯಾ?”

“ಅದೊಂದು ದಂಡ ಯಾಕ್ರೀ? ಅವರ ಹತ್ರ ಹಳೇ ಕಾಲೇಜಿನ ಪಾಸ್‌ವರ್ಡ್ ಇರುತ್ತಲ್ಲ.”

ಜೂನಿಯರ್‌ಗಳು ಇಬ್ಬರು. ಇಬ್ಬರೂ ತಮಗೇನೂ ಗೊತ್ತಿಲ್ಲವೆಂದರು.

ಠಾಣೆಯಲ್ಲಿ ‘ಮೀಸೆ’ ಎಂದೇ ಹೆಸರಾದ ಹೆಡ್ ಕಾನ್ಸ್‌ಟೇಬಲ್ ಹಾಳೆಯನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು. “ಸಾರ್, ತಳದಲ್ಲಿ ಇರುವೆ ಸಾಲಿನ ಹಾಗೆ ಏನೋ ಇದೆ.” ಯಾರ ಐಡಿಯಿಂದ ಇಳಿಸಿದ್ದೆಂದು ತಾನಾಗಿ ಬೀಳುವ ಗುರುತು ಅದು: ಕಾನೂನು ಕಾಲೇಜಿನ ಹೆಸರು, ಒಂದು ವಿದ್ಯಾರ್ಥಿ ಸಂಖ್ಯೆ. ಅಸಲಿ ತೀರ್ಪೊಂದನ್ನು ಇಳಿಸಿಕೊಂಡು ಒಳಗಿನದ್ದನ್ನೆಲ್ಲ ಬದಲಿಸಿದ್ದ ಕೈ, ಆ ಸಾಲನ್ನು ಹಾಗೇ ಬಿಟ್ಟಿತ್ತು. ದಿನಾ ಇಂಥ ಪ್ರಿಂಟ್ ಹಿಡಿಯುವ ವಕೀಲರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಕಾಲೇಜಿನ ಗ್ರಂಥಪಾಲಕಿ ಸಂಖ್ಯೆ ನೋಡಿ ಮುಖ ಸಣ್ಣದು ಮಾಡಿಕೊಂಡರು. “ಹೋದ ವರ್ಷ ಪಾಸಾದ ಹುಡುಗಿ ಸಾರ್. ಅವಳ ಐಡಿ ಮುಚ್ಚೋಕೆ ಮರೆತಿದ್ದೆ. ಇದರಲ್ಲಿ ಏನಿದೆ ಮಹಾ? ವಿದ್ಯಾರ್ಥಿಗಳ ಅಗ್ಗದ ಚಂದಾ, ನಾಲ್ಕೇ ಕೋರ್ಟಿನ ತೀರ್ಪು ಕಾಣೋದು. ಉಳಿದಿದ್ದಕ್ಕೆಲ್ಲ ಬೀಗ.”

ಹುಡುಗಿ ಅದೇ ವಕೀಲರ ಜೂನಿಯರ್. ಪೂರ್ಣ ಚಂದಾ ಇರುವ ನ್ಯಾಯಾಲಯದ ಗ್ರಂಥಾಲಯಕ್ಕೆ, ಈ ತೀರ್ಪು ಎಲ್ಲಾದರೂ ಇದೆಯೇ ಎಂದು ಪತ್ರ ಬರೆದು, ಇನ್ಸ್‌ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಅವಳ ಮನೆಗೆ ಹೋದರು. ಒಳಗೆ ಅವಳ ಅಕ್ಕ ಪುಟ್ಟ ಪುಟ್ಟ ಬಟ್ಟೆಗಳನ್ನು ಮಡಿಸುತ್ತಿದ್ದಳು. ದಾವೆ ಹೂಡಿದ ತಾಯಿ ಈಕೆಯೇ ಎಂದು ಆಗ ತಿಳಿಯಿತು. ದಾವೆ ಹೂಡಿದ ತಾಯಿ ಈಕೆಯೇ ಎಂದು ಆಗ ತಿಳಿಯಿತು. ಕೇಸಿನಿಂದ ಹೊರಗಿಟ್ಟಾರೆಂದು ತಂಗಿ ಹಿರಿಯ ವಕೀಲರಿಗೂ ಸಂಬಂಧ ಹೇಳಿರಲಿಲ್ಲ. ಪಂಚನಾಮೆ ಮಾಡಿ ಲ್ಯಾಪ್‌ಟಾಪ್ ವಶಪಡಿಸಿಕೊಂಡರು.

“ವಕೀಲಿ ಸನದು ಹೋಗುತ್ತೆ ಅಂತ ಗೊತ್ತಿರಲಿಲ್ವೇನಮ್ಮ?”

“ಗೊತ್ತಿತ್ತು ಸಾರ್. ತಿಂಗಳುಗಟ್ಟಲೆ ಹುಡುಕಿದೆ. ಅಕ್ಕನಂಥೋರಿಗೆ ಮಗು ಕೊಟ್ಟ ತೀರ್ಪು ಒಂದೂ ಸಿಗಲಿಲ್ಲ. ಹೋದ ಭೇಟಿಲಿ ಮಗು ಅಕ್ಕನ್ನ ‘ಆಂಟಿ’ ಅಂತು. ಅವತ್ತೇ ಕೂತು ಬರೆದೆ.”

ಬಂಧನದ ಮೆಮೊಗೆ ಅವಳು ಸಹಿ ಹಾಕಿದಳು. ಅಕ್ಕ ಬಾಗಿಲು ಹಿಡಿದು ನಿಂತೇ ಇದ್ದಳು.

ಗುರುವಾರ ಗ್ರಂಥಾಲಯದ ಉತ್ತರ ಬಂತು. ಕೇಳಿದ ತೀರ್ಪು ಎಲ್ಲೂ ಇಲ್ಲ. ಆದರೆ ದೂರದ ಬೇರೊಂದು ಹೈಕೋರ್ಟು ಇಂಥದೇ ತಾಯಿಗೆ ಮಗುವನ್ನು ಒಪ್ಪಿಸಿದೆ, ಪ್ರತಿ ಲಗತ್ತಿಸಿದೆ. ಇನ್ಸ್‌ಪೆಕ್ಟರ್ ಕುರ್ಚಿಗೆ ಒರಗಿದರು. ಆ ಹುಡುಗಿ ತಟ್ಟಿದ, ಅಗ್ಗದ ಚಂದಾ ತೆರೆಯದ ಬಾಗಿಲ ಆಚೆಗೇ ಅದಿತ್ತು.

ಸಂಜೆ ಅವರೊಬ್ಬರೇ ಹೋಗಿ ಜೆರಾಕ್ಸ್ ಪ್ರತಿಯನ್ನು ಅಕ್ಕನ ಕೈಗಿಟ್ಟರು. “ಹೊಸ ವಕೀಲರನ್ನ ಹಿಡಿದು ಅವರಿಗೆ ಕೊಡಮ್ಮ.”

ಆಕೆ ಹಾಳೆಯನ್ನು ಹಿಂದೆಮುಂದೆ ತಿರುಗಿಸಿದಳು. “ಇದಾದ್ರೂ ನಿಜದ್ದೇನಾ ಅಣ್ಣ?”

“ನಿಜದ್ದೇ.”

“ತಂಗಿಗೆ ಹೇಳಿದ್ರಾ?”

ಇನ್ಸ್‌ಪೆಕ್ಟರ್ ಇಲ್ಲವೆಂದು ತಲೆಯಾಡಿಸಿದರು.

“ಈಗ ಹೇಳ್ಬೇಡಿ, ತಡ್ಕೊಳಲ್ಲ. ಮಗು ಮನೆಗೆ ಬರ್ಲಿ. ಎತ್ಕೊಂಡು ಹೋಗಿ ನಾನೇ ಹೇಳ್ತೀನಿ.”