ಲಾಗೋಸ್‌ನ ಖಾರದ ಕೋಳಿ

ನಗು ಅವಳದೇ ಅಡುಗೆಮನೆಯಿಂದ ಬರುತ್ತಿತ್ತು... ಹೆಣ್ಣಿನ ನಗು!

ಶ್ಯಾಮಲ ಹೊಸ್ತಿಲಲ್ಲೇ ನಿಂತುಬಿಟ್ಟಳು.

ರಾಬರ್ಟ್‌ಸನ್‌ಪೇಟೆಯ ಟೈಲರ್ ಅಂಗಡಿಯಲ್ಲಿ ಅರ್ಧ ದಿನ ರಜೆ ಕೇಳಿಕೊಂಡು, ಗಂಡನಿಗೆ ಬಿಸಿ ಮುದ್ದೆ ಮಾಡಿಕೊಡೋಣವೆಂದು ಓಡಿಬಂದಿದ್ದಳು. ಗಿರಿ ನೈಜೀರಿಯಾದಿಂದ ಬಂದು ಎರಡೇ ದಿನ. ಮದುವೆಯಾದ ಇಪ್ಪತ್ತನೇ ದಿನ ಎಲೆಕ್ಟ್ರಿಷಿಯನ್ ಕೆಲಸಕ್ಕೆಂದು ಲಾಗೋಸ್‌ಗೆ ಹೋದವನು ಎರಡು ವರ್ಷ ಕಳೆದು ಮರಳಿದ್ದ. ಅತ್ತೆ ಪೆದ್ದಮ್ಮ ಬೆಳಗ್ಗೆಯೇ ಬಂಗಾರಪೇಟೆಯ ಮಗಳ ಮನೆಗೆ ಹೋಗಿದ್ದರು. ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಸಾಲಿನ ಆ ಪುಟ್ಟ ಲೈನ್ ಮನೆಯಲ್ಲಿ ಇವತ್ತು ನಾವಿಬ್ಬರೇ ಎಂದುಕೊಂಡಿದ್ದಳು.

ಮೂವರಿದ್ದರು!

ಉಪ್ಪಿನ ಡಬ್ಬಿಗೆ ಒರಗಿಸಿದ್ದ ಫೋನಿನಲ್ಲಿ, ತಲೆಗೆ ಹಳದಿ ಬಟ್ಟೆ ಸುತ್ತಿಕೊಂಡಿದ್ದ ಚೆಲುವೆಯೊಬ್ಬಳು ಕೈಬೀಸಿ ಬೀಸಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು. ತನ್ನದೇ ವಯಸ್ಸು. ಗಿರಿ ಲುಂಗಿ ಎತ್ತಿಕಟ್ಟಿ, ಬಾಣಲೆಯಲ್ಲಿ ಕೆಂಪಗೆ ಕುದಿಯುತ್ತಿದ್ದ ಮಸಾಲೆಯನ್ನು ಅವಳು ಹೇಳಿದಂತೆಲ್ಲ ತಿರುವುತ್ತಿದ್ದ.

'ನನ್ನ ಅಡುಗೆಮನೆಯಲ್ಲಿ ಇವಳ ಹುಕುಂ!'

"ಬಂದ್ಯಾ?" ಗಿರಿ ಮುಖವರಳಿಸಿದ. "ನಿಂಗೇಂತ ಕೋಳಿ ಮಾಡ್ತಾ ಇವ್ನಿ. ಅಲ್ಲಿಯೋರ ತರ. ಇವ್ಳು ಫುಂಕೆ, ನಮ್ ಫ್ಯಾಕ್ಟ್ರಿ ಕ್ಯಾಂಟೀನ್ ನಡೆಸ್ತಾಳೆ."

"ಶಾಮ್ಮಾಲ!" ಎಂದು ಕೂಗಿ ಫುಂಕೆ ಕೈಯಾಡಿಸಿದಳು.

ನನ್ನ ಹೆಸರೂ ಇವಳಿಗೆ ಗೊತ್ತು! ಶ್ಯಾಮಲ ಮುಖ ತಿರುಗಿಸಿಕೊಂಡಳು. ಗಿರಿ ತಡವರಿಸುತ್ತ ಕರೆ ಮುಗಿಸಿದ.

"ಕೆಂಪು ದೊಣ್ಣೆ ಮೆಣ್ಸಿನಕಾಯಿ ಇಲ್ಲೆಲ್ಲೂ ಸಿಕ್ಲಿಲ್ಲ. ರೈಲಲ್ಲಿ ಬಂಗಾರಪೇಟೆಗೆ ಓಗಿ ತಂದೆ. ಈರುಳ್ಳಿ, ಟೊಮೇಟೊ ಜೊತೆ ತರಿತರಿಯಾಗಿ ರುಬ್ಬಿ, ಎಣ್ಣೆ ಮೇಲೆ ಬರೋಗಂಟ ಉರೀಬೇಕು. ಅವರ ಮೆಣ್ಸಿನಕಾಯಿ ಇಲ್ವಲ್ಲ, ಗುಂಟೂರುದೇ ಆಕ್ದೆ..."

ಕರಿದಿಟ್ಟಿದ್ದ ಕೋಳಿಯ ತುಂಡುಗಳನ್ನು ಒಂದೊಂದಾಗಿ ಮಸಾಲೆಗೆ ಇಳಿಸಿದ. ಅಲ್ಲಿಂದ ತಂದಿದ್ದ ಒಣಸೊಪ್ಪನ್ನು ಉದುರಿಸಿದ. ದೊಡ್ಡಪತ್ರೆಯಂಥ ಘಮ ಮನೆತುಂಬ ಹರಡಿತು. ಇಷ್ಟು ಜೋಪಾನ... ಇಷ್ಟು ಅಕ್ಕರೆ... ಯಾರನ್ನು ನೆನೆಸಿಕೊಂಡು?

ತಟ್ಟೆಗೆ ಬಡಿಸಿ ಅವಳ ಮುಂದಿಟ್ಟ.

"ನಂಗೆ ಅಸಿವಿಲ್ಲ."

"ಒಂದ್ ತುಂಡು..."

"ಕಲಿಸ್ದೋಳ್ಗೇ ತಿನ್ಸಿ, ಓಗಿ!"

ಗಿರಿಯ ಮುಖ ಬಾಡಿತು. "ಖಾರ ಜಾಸ್ತಿ ಆದಂಗೈತೆ. ಮೊಸರು ತತ್ತೀನಿ" ಎಂದು ಗೊಣಗಿ ಹೊರಗೆ ನಡೆದ. ಫೋನ್ ಅಲ್ಲೇ ಉಳಿಯಿತು.

ಶ್ಯಾಮಲ ಗೋಡೆಗೊರಗಿ ಕುಳಿತಳು. ಎರಡು ವರ್ಷ ವಾರವಾರವೂ ಫೋನ್ ಬರುತ್ತಿತ್ತು. ಅತ್ತೆ ಪಕ್ಕದಲ್ಲೇ ಕೂತಿರುತ್ತಿದ್ದರು. "ಊಟ ಆಯ್ತಾ? ಉಷಾರಾಗಿದ್ದೀರಾ? ಸರಿ, ಇಡ್ತೀನಿ." ಅಷ್ಟೇ! ಆ ಹೆಂಗಸೋ ದಿನವೂ ಅವನೆದುರು ಕೂತು ನಗುತ್ತಿದ್ದಳು...

ಫೋನ್ ರಿಂಗಾಯಿತು. ಪರದೆಯ ಮೇಲೆ ಅದೇ ಹಳದಿ ಬಟ್ಟೆ!

ಶ್ಯಾಮಲ ಒತ್ತಿಯೇಬಿಟ್ಟಳು. ಪಿಯುಸಿಯಲ್ಲಿ ಕಲಿತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿಕೊಂಡು ನೇರವಾಗಿ ಕೇಳಿದಳು.

"ನೀನು ಅವರನ್ನ ಪ್ರೀತಿಸ್ತೀಯಾ?"

ಫುಂಕೆಯ ನಗು ನಿಂತಿತು.

"ಪ್ರೀತಿಸಿದ್ದೆ" ಎಂದಳು, ಶ್ಯಾಮಲಳಿಗೆ ತಿಳಿಯುವಂತೆ ನಿಧಾನವಾಗಿ. "ಇಲ್ಲೇ ಇದ್ದುಬಿಡು, ನನ್ನನ್ನ ಮದುವೆಯಾಗು ಅಂತ ನಾನೇ ಕೇಳಿದೆ. ಒಂದು ದಿನ ಪೂರ್ತಿ ಅವನು ಉತ್ತರ ಕೊಡಲಿಲ್ಲ."

ಒಂದು ದಿನ ಪೂರ್ತಿ!

"ಮರುದಿನ ಬಂದು ಆಗಲ್ಲ ಅಂದ. ನನ್ನ ಹೆಂಡತಿಗೆ ಏನು ಇಷ್ಟ ಅನ್ನೋದೂ ನನಗೆ ಗೊತ್ತಿಲ್ಲ, ಹೋಗಿ ತಿಳ್ಕೋಬೇಕು ಅಂದ. ಸಿಟ್ಟಿಗೆ ಅವತ್ತು ಅವನ ಊಟಕ್ಕೆ ಕೈತುಂಬ ಖಾರ ಸುರಿದೆ! ಕಣ್ಣೀರು ಸುರಿಸ್ತಾ ಪೂರ್ತಿ ತಿಂದು ಕೈ ತೊಳೆದ. ಆಮೇಲೆ, ಇದನ್ನ ನನಗೆ ಕಲಿಸು, ಅವಳಿಗೆ ಮಾಡಿಕೊಡ್ತೀನಿ ಅಂದ."

ಫುಂಕೆ ತಲೆಯ ಬಟ್ಟೆ ಸರಿಮಾಡಿಕೊಂಡು ಹೇಳಿದಳು. "ನಿನ್ನ ಕಂಡರೆ ನನಗೆ ಹೊಟ್ಟೆಕಿಚ್ಚು, ಶಾಮ್ಮಾಲ. ಈಗಲೂ."

ನನ್ನ ಮೇಲೆ?... ಹೊಟ್ಟೆಕಿಚ್ಚು?

"ಥ್ಯಾಂಕ್ಸ್" ಎಂದಷ್ಟೇ ಹೇಳಿ ಶ್ಯಾಮಲ ಫೋನ್ ಇಟ್ಟಳು.

ಗಿರಿ ಮೊಸರಿನ ಪ್ಯಾಕೆಟ್ ಹಿಡಿದು ಒಳಬಂದ.

"ಅವಳು ಫೋನ್ ಮಾಡಿದ್ಳು. ಎಲ್ಲ ಏಳಿದ್ಳು" ಎಂದಳು ಶ್ಯಾಮಲ. "ಆ ಒಂದ್ ದಿನ ಏನ್ ಯೋಚ್ನೆ ಮಾಡಿದ್ರಿ?"

ಅವನು ಅಲ್ಲೇ ನೆಲದ ಮೇಲೆ ಕುಳಿತ.

"ಸುಳ್ ಏಳಲ್ಲ ಶ್ಯಾಮಲ. ಮನ್ಸು ಅಲ್ಲಾಡ್ತು. ನಿನ್ನ ನೆನೆಸ್ಕೊಳಕ್ಕೆ ಓದ್ರೆ ಮದ್ವೆ ಫೋಟೋ ಒಂದೇ ಕಣ್ಮುಂದೆ ಬರ್ತಿತ್ತು. ನಾನು ಫೋನ್ ಮಾಡಿದ್ರೆ ನೀನು ಇಡ್ತೀನಿ ಅಂತಿದ್ದೆ. ನಾನು ಬೇಕೋ ಬ್ಯಾಡ್ವೋ ಅಂತ್ಲೇ ಗೊತ್ತಾಗ್ತಿರ್ಲಿಲ್ಲ."

"ಅತ್ತೆ ಪಕ್ಕದಲ್ಲಿ ಕೂತಿರ್ವಾಗ ಏನಂತ ಏಳ್ಲಿ? ಫೋನ್ ಇಟ್ಮೇಲೆ ಮನೆ ಇಂದ್ಲ ಇತ್ಲಿಗೆ ಓಗಿ ಅತ್ತಿದ್ದೀನಿ, ಗೊತ್ತಾ ನಿಮ್ಗೆ?"

"ಅತ್ತಿದ್ಯಾ? ನಂಗೋಸ್ಕರ?"

"ಇನ್ಯಾರ್ಗೆ!"

ಗಿರಿಯ ಕಣ್ಣು ತುಂಬಿಬಂತು. "ನಿನ್ ಜೊತೆ ಎಂಗ್ ಮಾತಾಡ್ಬೇಕೂಂತ ಗೊತ್ತಿರ್ಲಿಲ್ಲ ಕಣೆ. ಅದ್ಕೇ ಅಡಿಗೆ ಕಲ್ತೆ."

ಶ್ಯಾಮಲ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಆರಿಹೋಗಿದ್ದ ತುಂಡೊಂದನ್ನು ಮುರಿದು ಬಾಯಿಗಿಟ್ಟಳು. ಮೊದಲು ಸಿಹಿ, ಆಮೇಲೆ ಹುಳಿ, ಆಮೇಲೆ... ಅಬ್ಬಬ್ಬಾ! ಕಿವಿವರೆಗೂ ಉರಿ!

"ಮೊಸ್ರು ಆಕ್ಲಾ?"

"ಬ್ಯಾಡ." ಮೂಗು ಒರೆಸಿಕೊಂಡು ಎರಡನೇ ತುಂಡಿಗೆ ಕೈ ಹಾಕಿದಳು. "ಚೆನ್ನಾಗೈತೆ. ಅದೇ ನಂಗೆ ಸಂಕ್ಟ!"

ಗಿರಿ ಮೆಲ್ಲಗೆ ಪಕ್ಕಕ್ಕೆ ಸರಿದು ಕುಳಿತ. "ಅವ್ಳ ಜೊತೆ ಮಾತಾಡ್ಬೇಡ ಅಂದ್ರೆ ಇವತ್ತೇ ಬಿಡ್ತೀನಿ."

ಶ್ಯಾಮಲ ಯೋಚಿಸಿದಳು. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಸುಳ್ಳು ಹೇಳಬಹುದಿತ್ತು ಆ ಹೆಂಗಸು. ಹೇಳಲಿಲ್ಲ.

"ಮಾತಾಡಿ. ಆದ್ರೆ ನಾನೂ ಪಕ್ದಲ್ಲಿ ಕೂತಿರ್ತೀನಿ."

"ಅಂಗಾದ್ರೆ ಒಟ್ಟೆಕಿಚ್ಚು ಓಯ್ತಾ?"

"ಇಲ್ಲ ಕಣ್ರೀ... ಇನ್ನೂ ಐತೆ."

"ಇರ್ಲಿ ಬಿಡು" ಎನ್ನುತ್ತ ಗಿರಿ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. "ನಾನು ಬೇಕೂಂತ ನೀನು ಇಷ್ಟು ಅಠ ಮಾಡ್ತೀಯಾಂತ ಗೊತ್ತಿರ್ಲಿಲ್ಲ."

"ಮಾಡ್ತೀನಿ. ದಿನಾ ಮಾಡ್ತೀನಿ" ಎಂದಳು ಶ್ಯಾಮಲ, ಅವನ ಭುಜಕ್ಕೆ ಹಣೆ ಒತ್ತಿ. "ತಿರ್ಗಾ ಓಗ್ತೀನಿ ಅಂತ ಮಾತ್ರ ಏಳ್ಬೇಡಿ."

"ಓಗಲ್ಲ."