ಬೇಕಂತಲೇ ಕೊಟ್ಟ ಬಣ್ಣ

"ಇವೆರಡರಲ್ಲಿ ಕೆಂಪು ಯಾವುದು, ಹಸಿರು ಯಾವುದು?"

ಮಣಿ ಅಂಗಡಿಯ ಹುಡುಗಿ ತಲೆಯೆತ್ತಿದಳು. ಎದುರಿಗಿದ್ದ ಬಡಗಿ ತಮಾಷೆ ಮಾಡುತ್ತಿರಲಿಲ್ಲ. ಒಂದೊಂದು ಅಂಗೈಯಲ್ಲಿ ಒಂದೊಂದು ಹಿಡಿ ಗಾಜಿನ ಮಣಿ, ತೋಳಿನ ತುಂಬ ಮರದ ಹೊಟ್ಟು.

"ನಂಗೆ ಎರಡೂ ಒಂದೇ ಥರ ಕಾಣುತ್ತೆ, ಹುಟ್ಟಿದಾಗಿಂದ," ಎಂದ ಸಂಕೋಚದಿಂದ. "ಕಿಟಕಿಗೆ ಮಣಿಪರದೆ ಪೋಣಿಸ್ತಿದೀನಿ. ಬಣ್ಣ ನೀವೇ ಆರಿಸಿಕೊಡ್ತೀರಾ?"

ಆರಿಸಿಕೊಟ್ಟಳು. ಆಮೇಲೆ ಅವನು ಪ್ರತಿ ಶನಿವಾರ ಬಂದ. ನಾಲ್ಕಾರು ಎಳೆಗೆ ಸಾಲುವಷ್ಟೇ ಕೊಂಡು, ಮಾತಾಡಿಕೊಂಡು ನಿಲ್ಲುತ್ತಿದ್ದ. ತಿಂಗಳಾಗುವಷ್ಟರಲ್ಲಿ ಶನಿವಾರ ಬಂತೆಂದರೆ ಅವಳಿಗೆ ಬೆಳಗಿನಿಂದಲೇ ಬಾಗಿಲ ಮೇಲೆ ಕಣ್ಣು.

ಐದನೇ ಶನಿವಾರ ಅವನೆಂದ, "ಇನ್ನು ನಡುವಿನ ಎಳೆಗಳು ಮಾತ್ರ. ಅವಳು ಕಣ್ಣು ಬಿಟ್ಟ ಕೂಡಲೇ ಇದೇ ಕಾಣಬೇಕು. ಎಲ್ಲಕ್ಕಿಂತ ಚೆನ್ನಾಗಿರೋದು ಕೊಡಿ."

'ಅವಳು...'

ಹುಡುಗಿ ಹಿಂದಿನ ಕಪಾಟಿಗೆ ತಿರುಗಿದಳು. 'ಮದುವೆ ಗೊತ್ತಾಗಿದೆ. ನಾನೆಂಥ ಪೆದ್ದಿ... ಇಷ್ಟು ದಿನ ಇನ್ನೊಬ್ಬಳ ಕೋಣೆ ಸಿಂಗರಿಸುತ್ತಿದ್ದೆ!'

ಕೆಸರು ಬಣ್ಣ, ಬೂದಿ ಬಣ್ಣ, ಯಾರೂ ಮುಟ್ಟದ ಮಾಸಲು ಕಂದು. ಪೊಟ್ಟಣ ಕಟ್ಟಿ ಕೊಟ್ಟಳು. ಅವನು ನಂಬಿ ಒಯ್ದ.

ಮಂಗಳವಾರ ದಾರ ಕೊಳ್ಳಲು ಅವನ ಅಕ್ಕ ಬಂದಳು.

"ಶನಿವಾರ ಶನಿವಾರ ಬರ್ತಾನಲ್ಲ, ಆ ಬಡಗಿ ನನ್ನ ತಮ್ಮ. ನಾಳೆ ನಮ್ಮಮ್ಮಂಗೆ ಕಣ್ಣಿನ ಆಪರೇಷನ್, ನಾಡಿದ್ದು ಮನೇಲೇ ಪಟ್ಟಿ ಬಿಚ್ತಾರೆ. ಎಂಟು ವರ್ಷದಿಂದ ಅವಳಿಗೆ ಬರೀ ಮಂಜು... ಅದಕ್ಕೇ ಇವನ ಈ ಸಡಗರ. ನಡುವೆ ಮಾತ್ರ ಯಾಕೋ ಮಣ್ಣಿನ ಬಣ್ಣ ಹಾಕಿದಾನೆ. ಪಾಪ, ಹೇಳಿ ಯಾಕೆ ನೋಯಿಸೋದು ಅಂತ ಸುಮ್ಮನಾದೆ."

ಹುಡುಗಿ ಇದ್ದುದರಲ್ಲೇ ಹೊಳೆಯುವ ಮಣಿಗಳನ್ನೆಲ್ಲ ಬಾಚಿಕೊಂಡು, ಅಂಗಡಿಗೆ ಬೀಗ ಹಾಕಿ, ಅಕ್ಕನ ಹಿಂದೆಯೇ ಹೊರಟಳು.

ಅವನು ಕಿಟಕಿಯ ಕೆಳಗೆ ಕುಳಿತು ಪೋಣಿಸುತ್ತಿದ್ದ.

"ಆ ನಡುವಿನ ಎಳೆಗಳನ್ನ ಬಿಚ್ಚಿ," ಎಂದಳು. "ನಾನು ಬೇಕಂತಲೇ ಕೆಟ್ಟ ಬಣ್ಣ ಕೊಟ್ಟೆ."

"ಯಾಕೆ?"

"'ಅವಳು' ಅಂದ್ರಲ್ಲ... ನಿಮ್ಮ ಹೆಂಡತಿ ಆಗೋಳು ಅಂದುಕೊಂಡೆ."

ಅವನ ಮುಖ ಬಾಡಿತು. "ನಾನು ನಿಮ್ಮ ಕಣ್ಣನ್ನೇ ನಂಬಿದ್ದೆ."

ಅವಳು ತಾನು ತಂದ ಹೊಳೆಯುವ ಮಣಿಗಳನ್ನು ಅವನ ಮುಂದಿಟ್ಟಳು. ಕಣ್ಣೀರು ಇಳಿಯಿತು.

ಅವನು ಕತ್ತರಿ ತೆಗೆದುಕೊಂಡು ಆ ಎಳೆಗಳನ್ನು ಕತ್ತರಿಸಿದ. ಕಂದು ಮಣಿಗಳು ನೆಲಕ್ಕೆ ಚೆಲ್ಲಿದವು. "ಕೂತ್ಕೊಳ್ಳಿ," ಎಂದು ಸೂಜಿ ಚಾಚಿದ. "ಒಬ್ಬನ ಕೈಲಿ ಮುಗಿಯಲ್ಲ."

ಸಂಜೆಯವರೆಗೆ ಎದುರುಬದುರು ಕುಳಿತು ಪೋಣಿಸಿದರು. ಕೊನೆಗೆ ಅವಳೇ ಕೇಳಿದಳು, "ಇನ್ಮೇಲೆ ಬಣ್ಣಕ್ಕೆ ನಿಮ್ಮಕ್ಕನ್ನೇ ಕೇಳ್ತೀರೇನೋ."

"ಮೊದಲಿಂದ್ಲೂ ಕೇಳಬಹುದಿತ್ತು. ಒಂದೇ ಮನೇಲಿದೀವಿ."

ಅವಳ ಸೂಜಿ ನಿಂತಿತು. "ಮತ್ತೆ ಅಂಗಡಿಗೆ ಯಾಕೆ..."

"ಮೊದಲನೇ ವಾರ ಮಣಿಗೇ ಬಂದೆ. ಆಮೇಲೆ ನಿಮ್ಮನ್ನ ನೋಡೋಕೆ."

ಅವಳು ತಲೆ ತಗ್ಗಿಸಿದಳು. ಕೈಯಲ್ಲಿದ್ದ ಮಣಿ ಯಾವ ಬಣ್ಣದ್ದೆಂದು ಅವಳಿಗೂ ಕಾಣಲಿಲ್ಲ.

"ನಾಡಿದ್ದು ಅಮ್ಮ ಕಣ್ಣು ಬಿಡುವಾಗ ನೀವೂ ಇಲ್ಲೇ ಇರಬೇಕು," ಎಂದ.

"ಎಲ್ಲಿ ನಿಂತ್ಕೊಳ್ಳಲಿ? ಪರದೆ ಪಕ್ಕಾನಾ?"

"ನನ್ನ ಪಕ್ಕ."